ಏಳಕ್ಕೆ ಆರುವ ಕಂಪ್ಯೂಟರ್

ಮಕ್ಕಳೇ, ಈ ವಾರದ ಅಂಕಣ ಒಂದು ತಪ್ಪೊಪ್ಪಿಗೆ. ಮನೆಯ ಹಿರಿಯರೂ ಓದಬಹುದು. ಏಕೆಂದರೆ ತಪ್ಪು ಮಾಡಿದ್ದು ಹಿರಿಯನೇ, ಅಂದರೆ ನಾನೇ.

ನಮ್ಮ ಮನೆ ವಾಮದಪದವಿನಲ್ಲಿ. ಬಂಟ್ವಾಳ ತಾಲೂಕು. ಒಂದು ಕಡೆಗೆ ಹೋದರೆ ಬೆಳ್ತಂಗಡಿ, ಇನ್ನೊಂದು ಕಡೆಗೆ ಹೋದರೆ ಮೂಡುಬಿದಿರೆ. ಮನೆಯ ಚಾವಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಲ್ಯಾಪ್‌ಟಾಪ್ ಅಲ್ಲ, ಪರದೆ ಬೇರೆ, ಪೆಟ್ಟಿಗೆ ಬೇರೆ, ಕೀಬೋರ್ಡ್ ಬೇರೆ ಇರುವ ಹಳೇ ಕಾಲದ್ದು. ಅದರಲ್ಲಿ ನಾನು ಈ ಅಂಕಣ ಬರೆಯುತ್ತೇನೆ. ಎಂಟನೇ ತರಗತಿಯ ಮೊಮ್ಮಗ ಶಾಲೆಯ ಪ್ರಾಜೆಕ್ಟು ಮಾಡುತ್ತಾನೆ. ಕಳೆದ ಜನವರಿಯಲ್ಲಿ ಅವನಿಗೆ ಸಿಕ್ಕಿದ ಪ್ರಾಜೆಕ್ಟು ‘ನಮ್ಮೂರಿನ ಕೆರೆ ಮತ್ತು ಬಾವಿಗಳು’.

ಒಂದು ಸೋಮವಾರ ಸಂಜೆ ಆರೂವರೆಗೆ ಅವನು ಬರೆಯಲು ಕೂತ. ಏಳು ಗಂಟೆಯ ಹೊತ್ತಿಗೆ ‘ಟಪ್’ ಎಂದು ಕಂಪ್ಯೂಟರ್ ಆರಿಹೋಯಿತು. ಕರೆಂಟು ಹೋಗಿರಲಿಲ್ಲ. ದೀಪ ಉರಿಯುತ್ತಿತ್ತು, ಟಿ.ವಿ. ನಡೆಯುತ್ತಿತ್ತು. ಬರೆದ ಒಂದು ಪುಟ ಉಳಿಸಿಡುವ ಮೊದಲೇ ಹೋಯಿತು. ಮಂಗಳವಾರ ಮತ್ತೆ ಏಳಕ್ಕೆ ಅದೇ ಕತೆ.

“ಎಂತ ಮಾಡಿದ್ದು ನೀನು?” ಎಂದು ಕೇಳಿದೆ.

“ನಾನು ಎಂತದೂ ಮಾಡ್ಲಿಲ್ಲ ಅಜ್ಜ. ತನ್ನಷ್ಟಕ್ಕೇ ಆಫ್ ಆಯ್ತು.”

‘ತನ್ನಷ್ಟಕ್ಕೇ ಆಯಿತು’ ಎಂಬ ಮಾತನ್ನು ನಾನು ಬ್ಯಾಂಕಿನಲ್ಲಿ ಬೇಕಾದಷ್ಟು ಸಲ ಕೇಳಿದವ. ನಂಬಲಿಲ್ಲ. ಯಾವುದೋ ಗೇಮು ಹಾಕಿರಬೇಕು, ಅದರ ಜೊತೆ ವೈರಸ್ಸು ಬಂದಿರಬೇಕು ಎಂದು ತೀರ್ಮಾನಿಸಿದೆ. ಎರಡು ದಿನ ಯಾರೂ ಕಂಪ್ಯೂಟರ್ ಮುಟ್ಟಬಾರದು ಎಂದು ಅಪ್ಪಣೆ ಕೊಟ್ಟೆ. ಬುಧವಾರ, ಗುರುವಾರ ಕಂಪ್ಯೂಟರಿಗೆ ಏನೂ ಆಗಲಿಲ್ಲ. “ನೋಡಿದ್ಯಾ? ನೀನು ಮುಟ್ಟದಿದ್ದರೆ ಸರಿಯಾಗಿಯೇ ಉಂಟು” ಎಂದೆ. ಆನ್ ಮಾಡದೇ ಇದ್ದ ಕಂಪ್ಯೂಟರ್ ಆಫ್ ಆಗುವುದು ಹೇಗೆ ಎಂದು ಆಗ ನನಗೆ ಹೊಳೆಯಲಿಲ್ಲ. ಮನಸ್ಸಿನಲ್ಲಿ ತೀರ್ಪು ಬರೆದಿಟ್ಟವನಿಗೆ ಸಾಕ್ಷಿ ಎಲ್ಲಿಂದಲಾದರೂ ಸಿಗುತ್ತದೆ.

ಶುಕ್ರವಾರ ಅವನು ಮತ್ತೆ ಕೂತ. ಏಳಕ್ಕೆ ಮತ್ತೆ ಟಪ್. ಆ ದಿನ ಎಲ್ಲರ ಎದುರೇ, “ಸುಳ್ಳು ಹೇಳ್ತೀಯಾ?” ಎಂದುಬಿಟ್ಟೆ. ಹುಡುಗ ಮಾತಾಡದೆ ಒಳಗೆ ಹೋದ. ಸೊಸೆ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಶನಿವಾರ ಪೆಟ್ಟಿಗೆಯನ್ನು ಎತ್ತಿಕೊಂಡು ಬಿ.ಸಿ. ರೋಡಿನ ಒಂದು ಅಂಗಡಿಗೆ ಹೋದೆ. ಅವರು ಮೂರು ದಿನ ಇಟ್ಟುಕೊಂಡು ಓಡಿಸಿ ನೋಡಿದರು. ಒಂದು ಸಲವೂ ಆರಲಿಲ್ಲ. ವೈರಸ್ಸೂ ಇರಲಿಲ್ಲ. “ಇದಕ್ಕೆ ಎಂತ ತೊಂದರೆ ಇಲ್ಲ ಸರ್, ಮಕ್ಕಳು ಎಂತಾದ್ರೂ ಒತ್ತಿರ್ಬೇಕು” ಎಂದು ಅಲ್ಲಿಯ ಹುಡುಗ ಹೇಳಿದ. ನನಗೂ ಅಷ್ಟೇ ಬೇಕಾಗಿತ್ತು. ಮಂಗಳವಾರ ಮನೆಗೆ ತಂದು ಜೋಡಿಸಿದೆ. ಅದೇ ಸಂಜೆ ಏಳಕ್ಕೆ ಟಪ್!

ಬುಧವಾರ ನಾನೇ ಕೈಹಾಕಿದೆ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಜಗಲಿಗೆ ತಂದು, ಬದಿಯ ಮುಚ್ಚಳ ತೆಗೆದೆ. ಒಳಗೆ ಬೆರಳು ದಪ್ಪದ ಧೂಳು. ಪೈಂಟಿನ ಬ್ರಶ್ಶಿನಲ್ಲಿ ಗುಡಿಸಿದೆ. ರ್‍ಯಾಮ್ ಪಟ್ಟಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಮೊಮ್ಮಗನ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆ. ನಾಲ್ಕಾಣೆಯಷ್ಟು ದೊಡ್ಡ ಗುಂಡು ಸೆಲ್ ಒಂದು ಇರುತ್ತದೆ, ಅದನ್ನೂ ಬದಲಿಸಿದೆ. ಆ ಸಂಜೆ ಏಳಾಯಿತು, ಏಳೂವರೆಯಾಯಿತು, ಎಂಟಾಯಿತು. ಕಂಪ್ಯೂಟರ್ ಆರಲಿಲ್ಲ. ಎಪ್ಪತ್ತು ದಾಟಿದವನು ಎದೆ ಉಬ್ಬಿಸಿ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದೆ.

ಗುರುವಾರ ಏಳಕ್ಕೆ ಟಪ್.

ಈ ಸಲ ಹುಡುಗ ಎದ್ದು ನಿಂತು ಮೆಲ್ಲಗೆ ಹೇಳಿದ: “ಇನ್ನು ನಾನು ಮುಟ್ಟುವುದಿಲ್ಲ ಅಜ್ಜ. ಪ್ರಾಜೆಕ್ಟು ಕೈಯಲ್ಲೇ ಬರೀತೇನೆ.” ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ರಾತ್ರಿ ಊಟದ ಹೊತ್ತಿಗೆ ಯಾವಾಗಲೂ ನನ್ನ ಪಕ್ಕ ಕೂರುವವನು ಆ ದಿನ ಅಮ್ಮನ ಪಕ್ಕ ಕೂತ.

ಆ ಭಾನುವಾರ ಬೆಳಿಗ್ಗೆ ಅವನೂ ಸೊಸೆಯೂ ನೆಂಟರ ಮನೆಯ ಪೂಜೆಗೆಂದು ಸಿದ್ದಕಟ್ಟೆಗೆ ಹೋಗಿದ್ದರು. ನಾನು ಅಂಕಣ ಬರೆಯುತ್ತಾ ಕೂತಿದ್ದೆ. ಸರಿಯಾಗಿ ಹತ್ತೂವರೆಗೆ ಟಪ್! ಪರದೆ ಕಪ್ಪಾಯಿತು. ಕೀಬೋರ್ಡಿನ ಮೇಲೆ ಇದ್ದದ್ದು ನನ್ನದೇ ಕೈ. ಹುಡುಗ ಮನೆಯಲ್ಲೇ ಇರಲಿಲ್ಲ.

ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಆಗ ನನಗೆ 540 ರೂಪಾಯಿಯ ನೆನಪಾಯಿತು.

ಅದು 1979ರ ಡಿಸೆಂಬರ್ 31. ಆಗ ಬ್ಯಾಂಕುಗಳ ಲೆಕ್ಕದ ವರ್ಷ ಡಿಸೆಂಬರಿಗೆ ಮುಗಿಯುತ್ತಿತ್ತು. ಮಾರ್ಚ್ 31ರ ಕ್ಲೋಸಿಂಗ್ ಬಂದದ್ದು 1989ರಿಂದ. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರೂ ಎಲ್ಲರಿಗೆ ಇಲ್ಲ. ದಪ್ಪ ದಪ್ಪ ಲೆಡ್ಜರುಗಳ ಎಲ್ಲ ಖಾತೆಗಳ ಬಾಕಿಯನ್ನು ಕೈಯಲ್ಲಿ ಕೂಡಿಸಿ, ಅದು ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಆ ರಾತ್ರಿ 540 ರೂಪಾಯಿ ಡಿಫರೆನ್ಸು. ನಮ್ಮ ಶಾಖೆಗೆ ಹೊಸದಾಗಿ ಒಬ್ಬ ಹುಡುಗ ಸೇರಿದ್ದ. ಅವನ ಅಕ್ಷರ ಕೆಟ್ಟದು. ನಾನು ಮೈಸೂರು ವಿಶ್ವವಿದ್ಯಾಲಯದ ಬಿ.ಕಾಂ. (ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ, ನಮ್ಮ ಕಾಲಕ್ಕೆ ಇಲ್ಲಿಯ ಕಾಲೇಜುಗಳೆಲ್ಲ ಮೈಸೂರಿಗೇ ಸೇರಿದ್ದವು.) ಆ ಬಿ.ಕಾಂ.ನ ಜಂಬದಲ್ಲಿ, “ಇವನದ್ದೇ ಪೋಸ್ಟಿಂಗ್ ತಪ್ಪಿರಬೇಕು” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನ ಪುಟಗಳನ್ನೆಲ್ಲ ಎರಡು ಸಲ ತಿರುವಿದೆವು. ಸಿಗಲಿಲ್ಲ.

ನಮ್ಮ ಅಕೌಂಟೆಂಟರು ವಯಸ್ಸಾದವರು, ಮಾತು ಕಡಿಮೆ. ಅವರು ಹೇಳಿದರು: “ವ್ಯತ್ಯಾಸ ಬಂದಾಗ ಮನುಷ್ಯರ ಮುಖ ನೋಡುವುದಲ್ಲ, ಅಂಕಿಯ ಮುಖ ನೋಡಬೇಕು. 540 ಒಂಬತ್ತರಿಂದ ಭಾಗವಾಗ್ತದಾ ನೋಡಿ.”

ಮಕ್ಕಳೇ, ಇದು ಹಳೇ ಗುಮಾಸ್ತರಿಗೆಲ್ಲ ಗೊತ್ತಿದ್ದ ಗುಟ್ಟು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. 82ರಲ್ಲಿ 28 ಕಳೆಯಿರಿ, 54. 73ರಲ್ಲಿ 37 ಕಳೆಯಿರಿ, 36. 91ರಲ್ಲಿ 19 ಕಳೆಯಿರಿ, 72. ಕಾಗದ ತೆಗೆದುಕೊಂಡು ಬೇರೆ ಸಂಖ್ಯೆಗಳಲ್ಲೂ ಮಾಡಿ ನೋಡಿ. 540 ಅಂದರೆ ಒಂಬತ್ತು ಅರುವತ್ತು. ಹಾಗಾದರೆ ಎಲ್ಲೋ ಅಂಕಿ ತಿರುಗಿದೆ. ನೂರರ ಮತ್ತು ಹತ್ತರ ಸ್ಥಾನ ಮಾತ್ರ ಹುಡುಕಿದರೆ ಸಾಕು. ಅರ್ಧ ಗಂಟೆಯಲ್ಲಿ ಸಿಕ್ಕಿತು. 1,820 ಇರಬೇಕಾದಲ್ಲಿ 1,280 ಎಂದು ಬರೆದಿತ್ತು. ಅಕ್ಷರ ಮುತ್ತಿನಂತೆ ಚೆಂದ. ಅದು ನನ್ನ ಅಕ್ಷರ.

ಆ ಹುಡುಗ ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ಮರುವರ್ಷ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ‘ತಪ್ಪು ನನ್ನದು ಮಾರಾಯ’ ಎಂಬ ನಾಲ್ಕು ಮಾತು ನನ್ನ ಬಾಯಿಂದ ಬಾರದೆ ನಲವತ್ತು ವರ್ಷ ದಾಟಿತು. ಈಗ ಅದೇ ಕೆಲಸವನ್ನು ಮೊಮ್ಮಗನಿಗೆ ಮಾಡಿ ಕೂತಿದ್ದೆ.

ಕಂಪ್ಯೂಟರಿಗೂ ಈ ‘ಅಂಕಿಯ ಮುಖ’ ಇರುತ್ತದೆ. 2003ರ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ಚುನಾವಣೆ ನಡೆಯಿತು. ಸ್ಕಾರ್‌ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಂತೆ ಯಂತ್ರ ತೋರಿಸಿತು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4,096. ಆ ಅಂಕಿ ನೋಡಿದ ಕೂಡಲೇ ತಜ್ಞರಿಗೆ ಅನುಮಾನ ಬಂತು. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ: 2, 4, 8, 16... ಹನ್ನೆರಡನೆಯ ಸಂಖ್ಯೆ 4,096. ನಾವು ಹತ್ತರ ಸ್ಥಾನ, ನೂರರ ಸ್ಥಾನ ಎನ್ನುವ ಹಾಗೆ ಕಂಪ್ಯೂಟರಿನ ಎಣಿಕೆಯಲ್ಲಿ 4,096ರ ಸ್ಥಾನ ಎಂದು ಒಂದಿದೆ. ಅಲ್ಲಿದ್ದ ಒಂದು ಸೊನ್ನೆ ಒಂದಾಗಿ ಮಗುಚಿದ್ದಿರಬೇಕು ಎಂದು ಅವರು ತೀರ್ಮಾನಿಸಿದರು. ಆಕಾಶದಿಂದ ಬರುವ ವಿಶ್ವಕಿರಣದ ಒಂದು ಕಣ ಬಡಿದು ಹೀಗಾಗಿರಬಹುದು ಎಂಬ ಊಹೆಯೂ ಇದೆ. ಅಲ್ಲಿ ಯಾರನ್ನೂ ಕಳ್ಳ ಎನ್ನುವ ಮೊದಲು ಅಂಕಿಯನ್ನು ನೋಡಿದರು. ನಾನು ನೋಡಿರಲಿಲ್ಲ.

ಭಾನುವಾರ ರಾತ್ರಿ ಒಂದು ಹೊಸ ನೋಟ್‌ಬುಕ್ ತೆಗೆದು ನಾಲ್ಕು ಕಾಲಂ ಗೆರೆ ಎಳೆದೆ. ಒಂದು, ಆರಿದ ದಿನ ಮತ್ತು ಹೊತ್ತು. ಎರಡು, ಕೂತವರು ಯಾರು. ಮೂರು, ಕಂಪ್ಯೂಟರಿನಲ್ಲಿ ಏನು ಮಾಡುತ್ತಿದ್ದರು. ನಾಲ್ಕು, ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು. ನಾಲ್ಕನೆಯ ಕಾಲಂ ಯಾಕೆಂದರೆ, ಪೆಟ್ಟಿಗೆ ಅಂಗಡಿಯಲ್ಲಿ ಮೂರು ದಿನ ಸರಿಯಾಗಿ ಓಡಿತ್ತು. ಹಾಗಾದರೆ ದೋಷ ಪೆಟ್ಟಿಗೆಯದ್ದಲ್ಲ, ಪೆಟ್ಟಿಗೆಯ ಹೊರಗಿನದ್ದು. ಇದು ನನಗೆ ಮಂಗಳವಾರವೇ ಹೊಳೆಯಬೇಕಿತ್ತು. ಇನ್ನೊಂದು ಪಾಠವೂ ಆಗಿತ್ತು. ಬುಧವಾರ ನಾನು ಧೂಳು, ರ್‍ಯಾಮ್, ಸೆಲ್ ಮೂರನ್ನೂ ಒಟ್ಟಿಗೆ ಮಾಡಿದ್ದೆ. ಒಂದು ವೇಳೆ ಸರಿಯಾಗಿದ್ದರೂ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಿಸಿದ್ದನ್ನು ಬರೆದಿಡುವುದು. ರಿಪೇರಿಯ ಅರ್ಧ ವಿದ್ಯೆ ಇಷ್ಟೇ.

ಹೀಗೆ ಬರೆದಿಡುವುದು ದೊಡ್ಡವರ ಕ್ರಮವೂ ಹೌದು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್-2 ಎಂಬ ದೈತ್ಯ ಕಂಪ್ಯೂಟರ್ ಕೆಟ್ಟು ನಿಂತಿತು. ಗ್ರೇಸ್ ಹಾಪರ್ ಅವರಿದ್ದ ತಂಡ ಹುಡುಕಿದಾಗ ಒಂದು ರಿಲೇ ಸ್ವಿಚ್ಚಿನ ನಡುವೆ ಪತಂಗವೊಂದು ಸಿಕ್ಕಿಕೊಂಡಿತ್ತು. ಅವರು ಆ ಪತಂಗವನ್ನು ಎಸೆಯಲಿಲ್ಲ. ಲಾಗ್ ಪುಸ್ತಕಕ್ಕೆ ಅಂಟಿಸಿ, ಸಿಕ್ಕಿದ ಹೊತ್ತು ಮಧ್ಯಾಹ್ನ 3.45, ಎಷ್ಟನೆಯ ರಿಲೇ, ಯಾವ ಫಲಕ ಎಂದು ಬರೆದಿಟ್ಟರು. ಪತಂಗವಿರುವ ಆ ಪುಟ ಈಗಲೂ ಅಲ್ಲಿಯ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಯಂತ್ರದ ದೋಷಕ್ಕೆ ‘ಬಗ್’, ಅಂದರೆ ಹುಳ, ಎನ್ನುವ ಮಾತು ಅದಕ್ಕಿಂತ ಮೊದಲೇ ಇತ್ತು. ನಿಜವಾದ ಹುಳವೇ ಸಿಕ್ಕಿದ್ದು ಅವರಿಗೆ ತಮಾಷೆಯಾಗಿತ್ತು.

ನನ್ನ ನೋಟ್‌ಬುಕ್ಕಿಗೆ ಬರುತ್ತೇನೆ. ಸೋಮವಾರದಿಂದ ಪ್ರತಿ ಸಂಜೆ ನಾನೇ ಕೂತೆ. ಸೋಮವಾರ 7.02ಕ್ಕೆ ಆರಿತು. ಮಂಗಳವಾರ 6.56ಕ್ಕೆ. ಬುಧವಾರ ಆರಲಿಲ್ಲ. ಗುರುವಾರ 7.05ಕ್ಕೆ. ನಾಲ್ಕನೆಯ ಕಾಲಂ ತುಂಬಿಸಲು ಮನೆಯೆಲ್ಲ ಓಡಾಡುತ್ತಿದ್ದೆ. “ಮಿಕ್ಸಿ ಹಾಕಿದ್ದೀಯಾ? ಫ್ರಿಜ್ಜು ಗುಂಯ್ ಅಂತ ಉಂಟಾ?” ನಮ್ಮವಳಿಗೆ ನಗು. “ಬ್ಯಾಂಕಿನ ಇನ್ಸ್‌ಪೆಕ್ಷನ್ ನಮ್ಮ ಅಡುಗೆ ಮನೆಗೂ ಬಂತಾ?”

ಗುರುವಾರ ರಾತ್ರಿ ನೋಟ್‌ಬುಕ್ ಚಾವಡಿಯ ಮೇಜಿನ ಮೇಲಿತ್ತು. ನಾನು ಕನ್ನಡಕ ಒರೆಸುತ್ತಿದ್ದೆ. ಹುಡುಗ ಬಾಗಿಲ ಬಳಿ ನಿಂತು ದೂರದಿಂದಲೇ ಓದುತ್ತಿದ್ದ. ವಾರದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡದವನು ತಡೆಯಲಾರದೆ ಕೇಳಿದ:

“ಅಜ್ಜ, ಬುಧವಾರ ಯಾಕೆ ಆಫ್ ಆಗ್ಲಿಲ್ಲ? ನೀವು ಕ್ಲೀನ್ ಮಾಡಿದ್ದೂ ಬುಧವಾರವೇ ಅಲ್ವಾ? ಆವತ್ತೂ ಆಗ್ಲಿಲ್ಲ.”

ಆರಿದ ದಿನಗಳನ್ನು ನೂರು ಸಲ ನೋಡಿದ್ದೆ. ಆರದ ದಿನವನ್ನು ನೋಡಿರಲಿಲ್ಲ.

“ಬುಧವಾರ ನಮ್ಮಲ್ಲಿ ಎಂತ ವಿಶೇಷ?” ಎಂದು ಒಳಗೆ ಕೇಳಿದೆ.

“ಎಂತ ವಿಶೇಷ? ಹೊದಿಕೆ, ಬೆಡ್‌ಶೀಟು ಒಗೆಯುವ ದಿನ” ಎಂದು ಅಡುಗೆ ಮನೆಯಿಂದ ಉತ್ತರ ಬಂತು. “ಮಧ್ಯಾಹ್ನವೇ ಪಂಪು ಹಾಕಿ ಟ್ಯಾಂಕಿ ತುಂಬಿಸ್ತೇನೆ.”

“ಮತ್ತೆ ಬೇರೆ ದಿನ?”

“ದೇವರಿಗೆ ದೀಪ ಹಚ್ಚಿ ಆದ ಮೇಲೆ.”

ಅಂದರೆ ಸಂಜೆ ಏಳಕ್ಕೆ. ನಾನೂ ಹುಡುಗನೂ ಮುಖ ಮುಖ ನೋಡಿಕೊಂಡೆವು. “ಭಾನುವಾರ ಬೆಳಿಗ್ಗೆ?” ಎಂದು ಅವನೇ ಕೇಳಿದ. “ಭಾನುವಾರ ಮಲ್ಲಿಗೆ ಗಿಡಕ್ಕೆ ನೀರು ಬಿಡ್ಲಿಕ್ಕೆ ಬೆಳಿಗ್ಗೆಯೇ ಹಾಕಿದ್ದೆ, ಹತ್ತೂವರೆಗೋ ಏನೋ.” ಲೆಕ್ಕ ತಾಳೆಯಾಯಿತು.

ಪಂಪಿಗೂ ಕಂಪ್ಯೂಟರಿಗೂ ಏನು ಸಂಬಂಧ? ಬಾವಿಯ ಪಂಪಿನ ಮೋಟಾರು ತಿರುಗಲು ಶುರುಮಾಡುವ ಗಳಿಗೆಯಲ್ಲಿ, ಓಡುವಾಗ ಬೇಕಾಗುವುದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ನಿಂತ ಗಾಡಿಯನ್ನು ದೂಡಲು ಮೊದಲು ಹೆಚ್ಚು ಬಲ ಬೇಕಲ್ಲ, ಹಾಗೆ. ಆಗ ಮನೆಯ ವೋಲ್ಟೇಜು ಒಂದು ಕ್ಷಣ ಕುಸಿಯುತ್ತದೆ. ಬಲ್ಬು ಒಮ್ಮೆ ಕಣ್ಣು ಪಿಳುಕಿಸಿದಂತೆ ಕಾಣುವುದು ಅದಕ್ಕೇ. ನಮ್ಮದು ಲೈನಿನ ಕೊನೆಯ ಮನೆ, ಕುಸಿತ ಸ್ವಲ್ಪ ಜಾಸ್ತಿ. ಆದರೆ ಅಂಥ ಹೊತ್ತಿನಲ್ಲಿ ಕಂಪ್ಯೂಟರನ್ನು ಕಾಯಲೆಂದೇ ಯು.ಪಿ.ಎಸ್. ಇಟ್ಟಿದ್ದೆವು. ವೋಲ್ಟೇಜು ಇಳಿದ ಕೂಡಲೇ ಅದು ತನ್ನ ಒಳಗಿನ ಬ್ಯಾಟರಿಯಿಂದ ಕರೆಂಟು ಕೊಡಬೇಕು. ಕೊಡುತ್ತಿದೆಯೇ?

ಪರೀಕ್ಷೆ ಸುಲಭ. ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿ ಅದರ ವಯರನ್ನು ಯು.ಪಿ.ಎಸ್.ನಿಂದ ತೆಗೆದೆವು. ಅದೇ ಜಾಗಕ್ಕೆ ಟೇಬಲ್ ಲ್ಯಾಂಪು ಸಿಕ್ಕಿಸಿದೆವು. ಹುಡುಗ ಲ್ಯಾಂಪಿನ ಎದುರು, ನಮ್ಮವಳು ಪಂಪಿನ ಸ್ವಿಚ್ಚಿನ ಹತ್ತಿರ, ನಾನು ನೋಟ್‌ಬುಕ್ ಹಿಡಿದು ನಡುವೆ. “ಹಾಕು” ಎಂದೆ. ಪಂಪು ಗುಂಯ್ ಎಂದಿತು. ಲ್ಯಾಂಪು ಆರಿತು. ಆಮೇಲೆ ಪಂಪು ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನು ಆಫ್ ಮಾಡಿದೆವು. ಬ್ಯಾಟರಿ ಸರಿ ಇದ್ದರೆ ಲ್ಯಾಂಪು ಬಹಳ ಹೊತ್ತು ಉರಿಯಬೇಕಿತ್ತು. ಅದು ಸ್ವಿಚ್ಚಿನ ಜೊತೆಗೇ ಆರಿತು. ಮೂರನೆಯದಾಗಿ, ಕಂಪ್ಯೂಟರನ್ನು ಯು.ಪಿ.ಎಸ್. ಬಿಟ್ಟು ನೇರ ಗೋಡೆಗೆ ಕೊಟ್ಟು ಪಂಪು ಹಾಕಿದೆವು. ಕಂಪ್ಯೂಟರ್ ಅಲುಗಲೇ ಇಲ್ಲ! ಒಂದು ಕಣ್ಣು ಮಿಟುಕಿಸುವುದರ ಒಳಗಿನ ಕುಸಿತವನ್ನು ಅದರ ಪವರ್ ಸಪ್ಲೈ ತಾನೇ ತಡೆದುಕೊಳ್ಳುತ್ತಿತ್ತು. ಕಾಯಬೇಕಾದ ಯು.ಪಿ.ಎಸ್.ಸೇ ಸತ್ತ ಬ್ಯಾಟರಿಗೆ ಬದಲಾಯಿಸಿಕೊಂಡು ಕಂಪ್ಯೂಟರನ್ನು ಆರಿಸುತ್ತಿತ್ತು. ಕಾವಲುಗಾರನೇ ಬಾಗಿಲು ಹಾಕಿಕೊಂಡ ಹಾಗೆ.

ಯು.ಪಿ.ಎಸ್.ನ ಒಳಗೆ ಇರುವುದು 12 ವೋಲ್ಟಿನ, ಮುಚ್ಚಿದ ಸೀಸದ ಬ್ಯಾಟರಿ. ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ಸೆಕೆ ಜಾಸ್ತಿಯಾದಷ್ಟೂ ಆಯುಸ್ಸು ಕಡಿಮೆ. ನಮ್ಮದರ ಬಿಲ್ಲು ಹುಡುಕಿದೆ. ಐದು ವರ್ಷ ಆಗಿತ್ತು! ಬ್ಯಾಂಕಿನಲ್ಲಿ ಸಾವಿರಾರು ಜನರ ಠೇವಣಿಯ ಡ್ಯೂ ಡೇಟು ನೆನಪಿಟ್ಟವನು ಮನೆಯ ಒಂದು ಬ್ಯಾಟರಿಯ ಡ್ಯೂ ಡೇಟು ಮರೆತಿದ್ದೆ. ತಪ್ಪು ಮತ್ತೆ ನನ್ನ ಅಕ್ಷರದಲ್ಲೇ ಸಿಕ್ಕಿತು.

ಶುಕ್ರವಾರ ಯು.ಪಿ.ಎಸ್. ಒಯ್ದು ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಸಾವಿರದ ಚಿಲ್ಲರೆ ರೂಪಾಯಿ. ಹಳೆಯ ಬ್ಯಾಟರಿಯನ್ನು ಅಂಗಡಿಯಲ್ಲೇ ಕೊಟ್ಟೆ. ಅದರೊಳಗೆ ಸೀಸವೂ ಆಮ್ಲವೂ ಇರುವುದರಿಂದ ಕಸದ ಜೊತೆ ಎಸೆಯುವಂತಿಲ್ಲ. 2022ರಿಂದ ಬ್ಯಾಟರಿ ತ್ಯಾಜ್ಯಕ್ಕೆ ಬೇರೆಯೇ ನಿಯಮಗಳಿವೆ.

ಆ ಸಂಜೆ ಎಲ್ಲರೂ ಚಾವಡಿಯಲ್ಲಿದ್ದರು. ಅಪವಾದ ಹೊರಿಸಿದ್ದು ಎಲ್ಲರ ಎದುರು. ಕ್ಷಮೆಯನ್ನು ಮಾತ್ರ ಕಿವಿಯಲ್ಲಿ ಹೇಳಿದರೆ ಲೆಕ್ಕ ತಾಳೆಯಾಗುವುದಿಲ್ಲ. “ಮಗಾ, ನೀನು ಸುಳ್ಳು ಹೇಳಿರಲಿಲ್ಲ. ನಾನು ನೋಡದೆ ಮಾತಾಡಿದೆ. ತಪ್ಪು ನನ್ನದು” ಎಂದೆ. ಹೇಳುವಾಗ ಗಂಟಲು ಸ್ವಲ್ಪ ಹಿಡಿಯಿತು. ಆ ಮಾತಿನ ಅರ್ಧ ಪಾಲು ಇನ್ನೊಬ್ಬ ಹುಡುಗನಿಗೆ ಸೇರಬೇಕಾದದ್ದು. ಅವನು ಈಗ ಎಲ್ಲಿದ್ದಾನೋ, ಅವನೂ ಅಜ್ಜನಾಗಿರಬೇಕು.

ಮೊಮ್ಮಗ ಸ್ವಲ್ಪ ಹೊತ್ತು ಕಾಲು ಆಡಿಸುತ್ತಾ ಕೂತ. ಆಮೇಲೆ ಹೇಳಿದ: “ಆಯ್ತು ಅಜ್ಜ. ಬ್ಯಾಟರಿಗೆ ಈಗಲೇ ಡೇಟು ಬರೆದಿಡುವ. ಇಲ್ಲಾಂದ್ರೆ ನೀವು ಪುನಃ ಮರೀತೀರಿ.” ಮಾರ್ಕರ್ ಪೆನ್ನಿನಲ್ಲಿ ಯು.ಪಿ.ಎಸ್.ನ ಬೆನ್ನ ಮೇಲೆ ದೊಡ್ಡದಾಗಿ ಬರೆದ. ಅವನ ಅಕ್ಷರ ಅಷ್ಟೇನೂ ಚೆಂದ ಇಲ್ಲ. ಅಂಕಿ ಮಾತ್ರ ಸರಿಯಾಗಿತ್ತು. ಊಟಕ್ಕೆ ಎಲೆ ಹಾಕಿದಾಗ ನನ್ನ ಪಕ್ಕ ಬಂದು ಕೂತ.

ಆ ನೋಟ್‌ಬುಕ್ ಈಗ ಅವನ ಕೈಯಲ್ಲಿದೆ. ಮೊದಲ ಪುಟದಲ್ಲಿ ‘ಕಂಪ್ಯೂಟರ್ ಆಸ್ಪತ್ರೆ’ ಎಂದು ಬರೆದಿದ್ದಾನೆ. ಅಲ್ಲಿಂದ ಕೆಲವು ರೋಗಿಗಳ ವಿವರ ನಿಮಗಾಗಿ.

ಕಂಪ್ಯೂಟರಿನ ಗಡಿಯಾರ ದಿನಾ ಹಿಂದಕ್ಕೆ, ಯಾವುದೋ ಹಳೇ ವರ್ಷಕ್ಕೆ ಹೋಗುತ್ತಿದೆಯೇ? ಇಂಟರ್‌ನೆಟ್ ಪುಟಗಳು ತೆರೆಯದೆ ತಕರಾರು ಮಾಡುತ್ತಿವೆಯೇ? ನಾನು ಹೇಳಿದ ಆ ಗುಂಡು ಸೆಲ್ ಮುಗಿದಿರಬಹುದು. ಬಹುತೇಕ ಕಂಪ್ಯೂಟರುಗಳಲ್ಲಿ ಸಿ.ಆರ್. 2032 ಎಂಬ 3 ವೋಲ್ಟಿನ ಸೆಲ್ ಇರುತ್ತದೆ. ಕಂಪ್ಯೂಟರ್ ಮಲಗಿದ್ದಾಗಲೂ ದಿನ ಎಣಿಸುವುದು ಅದರ ಕೆಲಸ. ಈ ಸೆಲ್ ಪುಟ್ಟ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಬಹಳ ಅಪಾಯ.

ಆನ್ ಮಾಡಿದರೆ ಬೀಪ್ ಬೀಪ್ ಶಬ್ದ ಮಾತ್ರ, ಪರದೆ ಕಪ್ಪು? ಮಳೆಗಾಲದ ನಮ್ಮೂರಿನ ಥಂಡಿಗೆ ರ್‍ಯಾಮ್ ಪಟ್ಟಿಯ ಹಲ್ಲುಗಳ ಮೇಲೆ ತೆಳುವಾಗಿ ಕಿಲುಬು ಕೂರುವುದುಂಟು. ರಬ್ಬರಿನ ವೈದ್ಯ ಅದಕ್ಕೇ.

ಹತ್ತು ಹದಿನೈದು ನಿಮಿಷ ಓಡಿ ಬಿಸಿಯಾಗಿ ತಾನೇ ಆರುತ್ತದೆಯೇ? ಫ್ಯಾನಿಗೆ ಧೂಳು ಕಟ್ಟಿರಬೇಕು. ಸುಟ್ಟುಹೋಗುವುದಕ್ಕಿಂತ ನಿಲ್ಲುವುದೇ ಮೇಲು ಎಂದು ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ.

ನುಡಿಯಲ್ಲಿ ಟೈಪ್ ಮಾಡುವಾಗ ಒಂದು ದಿನ ‘ಅಜ್ಜ’ ಎಂದು ಹೊಡೆದರೆ ‘ಅಜಜ’ ಎಂದು ಬಂತು. ‘ಅಮ್ಮ’ ಹೋಗಿ ‘ಅಮಮ’ ಆಯಿತು. ಮೊಮ್ಮಗ ಕೂಡಲೇ ಹಿಡಿದ. ಒತ್ತಕ್ಷರ ಬರಬೇಕಾದರೆ ನಡುವೆ ‘ಎಫ್’ ಕೀಲಿ ಒತ್ತಬೇಕು, ಅದು ಕೆಲಸ ಮಾಡುತ್ತಿರಲಿಲ್ಲ. ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಅದು. ಕೀಲಿಯನ್ನು ಎಬ್ಬಿಸಿ ನೋಡಿದರೆ ಕೆಳಗೆ ಚಕ್ಕುಲಿಯ ತುಂಡು, ಅದರ ಸುತ್ತ ಇರುವೆಯ ಸಂಸಾರ. ಆ ಚಕ್ಕುಲಿ ಯಾರದ್ದು ಎಂಬ ತನಿಖೆಯನ್ನು ಇಬ್ಬರೂ ಒಪ್ಪಿ ಕೈಬಿಟ್ಟೆವು.

ಬರಿಗಾಲಿನಲ್ಲಿ ಪೆಟ್ಟಿಗೆಯ ಲೋಹ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಇದನ್ನು ಮಾತ್ರ ತಮಾಷೆ ಮಾಡಬೇಡಿ. ಅರ್ಥಿಂಗ್ ಸರಿ ಇಲ್ಲ ಎಂದು ಅರ್ಥ. ತುಳುವಿನಲ್ಲಿ ಪದವು ಎಂದರೆ ಎತ್ತರದ ಬಯಲು. ನಮ್ಮ ಪದವಿನ ನೆಲವೆಲ್ಲ ಮುರಕಲ್ಲು. ಬೇಸಿಗೆಯಲ್ಲಿ ಒಣಗಿದರೆ ಕರೆಂಟಿಗೆ ಭೂಮಿಗೆ ಇಳಿಯಲು ದಾರಿ ಸಿಗುವುದು ಕಷ್ಟ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಿರಿ, ಎಲೆಕ್ಟ್ರಿಶಿಯನ್ನರನ್ನು ಕರೆಸಿ ತೋರಿಸಿ. ಗುಡುಗು ಸಿಡಿಲಿನ ತಿಂಗಳುಗಳಲ್ಲಿ ಕರೆಂಟಿನ ಪ್ಲಗ್ಗಿನ ಜೊತೆ ಇಂಟರ್‌ನೆಟ್ಟಿನ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತಿಡಿ.

ಇನ್ನು ಗಡಿ ಎಲ್ಲಿ ಎಂದೂ ತಿಳಿದಿರಬೇಕು. ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕೀಳಬೇಕು, ಮನೆಯ ದೊಡ್ಡವರು ಜೊತೆಗಿರಬೇಕು. ಪವರ್ ಸಪ್ಲೈ ಡಬ್ಬಿಯನ್ನೂ ಯು.ಪಿ.ಎಸ್.ನ ಹೊಟ್ಟೆಯನ್ನೂ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಕರೆಂಟು ಉಳಿದಿರುತ್ತದೆ. ಅಲ್ಲಿಂದಾಚೆ ಕಲಿತವರ ಕೆಲಸ.

ಮೊಮ್ಮಗನ ಪ್ರಾಜೆಕ್ಟು ಕೊನೆಗೆ ಕೈಬರಹದಲ್ಲೇ ಹೋಯಿತು. ‘ನಮ್ಮ ಮನೆಯ ಬಾವಿ’ ಎಂಬ ಪುಟದ ಕೊನೆಯಲ್ಲಿ ಅವನು ಒಂದು ಸಾಲು ಸೇರಿಸಿದ್ದ: ‘ಈ ಬಾವಿಯ ಪಂಪು ಹಾಕಿದರೆ ನಮ್ಮ ಕಂಪ್ಯೂಟರ್ ಆಫ್ ಆಗುತ್ತಿತ್ತು. ಈಗ ಆಗುವುದಿಲ್ಲ.’ ಟೀಚರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರಂತೆ. ಅವರಿಗೆ ಈ ವಾರದ ಸಂಚಿಕೆ ಕೊಡು ಎಂದಿದ್ದೇನೆ.

ನಿಮ್ಮ ಮನೆಯ ಯು.ಪಿ.ಎಸ್. ಬ್ಯಾಟರಿ ಯಾವ ವರ್ಷದ್ದು? ಈ ಭಾನುವಾರ ಒಂದು ಟೇಬಲ್ ಲ್ಯಾಂಪು ಹಚ್ಚಿ ನೋಡಿ. ಅಷ್ಟರವರೆಗೆ ಯಾರನ್ನೂ ಬೈಯಬೇಡಿ.